ಒಟ್ಮಾರನ ಮುಖದ ಅಕ್ರೋಟು

ಕಿಲಿಯನ್‌ಗೆ ಕ್ರಿಸ್‌ಮಸ್ ಸಂತೆ ಅಂದರೆ ಆಗಿಬರುತ್ತಿರಲಿಲ್ಲ. ದಾಲ್ಚಿನ್ನಿಯ ವಾಸನೆ ಮೂಗಿಗೆ ಹೊಡೆದರೆ ತಲೆ ಸಿಡಿಯುತ್ತಿತ್ತು. ಚರ್ಚಿನ ಮೆಟ್ಟಿಲ ಮೇಲೆ ನಿಂತು ತುತ್ತೂರಿ ಊದುವ ಅಗ್ನಿಶಾಮಕ ದಳದವರನ್ನು ಕಂಡರೆ, ಊರಲ್ಲಿ ಎಲ್ಲಾದರೂ ಸಣ್ಣದೊಂದು ಬೆಂಕಿ ಬೀಳಬಾರದೇ, ಇವರು ಅತ್ತ ಓಡಲಿ ಅನ್ನಿಸುತ್ತಿತ್ತು. ಬಸ್ಸಿನಿಂದ ಇಳಿದು, ಬಿಸಿ ವೈನಿನ ಮಗ್ಗನ್ನು ಎಳೆ ಕೂಸಿನ ಹಾಗೆ ಎರಡು ಕೈಯಲ್ಲಿ ಹಿಡಿದು, "ಆಹಾ, ಎಷ್ಟು ಚಂದ!" ಎನ್ನುತ್ತಾ ಬರುವ ಪ್ರವಾಸಿಗರ ಮೇಲಂತೂ ವಿಶೇಷ ಸಿಟ್ಟು. ಇಂಥ ಮನುಷ್ಯ ವರ್ಷದ ರಜೆಯನ್ನೆಲ್ಲ ಒಂದೊಂದಾಗಿ ಕೂಡಿಟ್ಟು, ಡಿಸೆಂಬರ್ ಬಂದ ಕೂಡಲೇ ಅದೇ ಸಂತೆಗೆ ಬಂದು ನಿಲ್ಲುತ್ತಿದ್ದ. ತಾನು ಹುಚ್ಚನೋ ಪೆದ್ದನೋ ಎಂಬುದು ಅವನಿಗೇ ಇನ್ನೂ ತೀರ್ಮಾನವಾಗಿರಲಿಲ್ಲ. ಎರಡೂ ಇರಬಹುದು ಎಂಬ ಕಡೆಗೆ ಮನಸ್ಸು ವಾಲುತ್ತಿತ್ತು.

ಉಳಿದ ತಿಂಗಳುಗಳಲ್ಲಿ ಅವನು ಕ್ರೆನ್‌ಬ್ರುನ್ ಊರಾಚೆಯ ಗೋದಾಮಿನಲ್ಲಿ ಸ್ಕ್ರೂ, ನಟ್ಟು, ಬೋಲ್ಟುಗಳನ್ನು ಡಬ್ಬಿಗೆ ತುಂಬುವ ಸಂಬಳದಾಳು. ಅದಕ್ಕೆ ಮುಂಚೆ ಬೇಕರಿಯೊಂದರಲ್ಲಿ ಕೆಲಸ ಕಲಿಯಲು ಸೇರಿ, ನಸುಕಿನಲ್ಲಿ ಏಳಲಾರದೆ ಬಿಟ್ಟಿದ್ದ. ಅದಕ್ಕೂ ಮುಂಚೆ ಕಾಲೇಜು ಸೇರಿ, ಅಲ್ಲಿ ತಡವಾಗಿ ಎದ್ದರೂ ಯಾರೂ ಕೇಳುವುದಿಲ್ಲವಾದ್ದರಿಂದ ಕೆಟ್ಟಿದ್ದ. ಯಾರಾದರೂ ತನ್ನನ್ನು ಗೇಲಿ ಮಾಡುವ ಮೊದಲೇ ತಾನೇ ತನ್ನನ್ನು ಗೇಲಿ ಮಾಡಿಕೊಂಡು ಮುಗಿಸಿಬಿಡುವುದು ಅವನ ಅಭ್ಯಾಸ. ಎರಡು ವರ್ಷ ಜೊತೆಗಿದ್ದ ಹುಡುಗಿ, "ನಿನ್ ಜೊತೆ ನೆಟ್ಟಗೆ ಒಂದು ಜಗಳ ಆಡೋಕೂ ಆಗಲ್ಲ. ನಾನು ಬೈಯೋ ಅಷ್ಟನ್ನೂ ನೀನೇ ಬೈಕೊಂಡ್ ಕೂತಿರ್ತೀಯ" ಎಂದು ಹೇಳಿ ಹೊರಟುಹೋಗಿದ್ದಳು. ಅವಳು ಹೇಳಿದ್ದು ಸರಿಯಾಗಿಯೇ ಇದೆ ಎಂದು ಅವನು ಅವಳ ಪೆಟ್ಟಿಗೆಯನ್ನು ಕೆಳಗಿನ ತನಕ ಹೊತ್ತುಕೊಟ್ಟಿದ್ದ.

ಸಂತೆಯಲ್ಲಿದ್ದದ್ದು ಅವನ ಸೋದರತ್ತೆ ವಾಲ್ಬುರ್ಗಾಳ ಅಂಗಡಿ. ಅವಳು ಮಾರುತ್ತಿದ್ದದ್ದು ಪ್ಲಮ್ ಗೊಂಬೆ. ತಂತಿಗೆ ಒಣಗಿದ ಪ್ಲಮ್ ಹಣ್ಣುಗಳನ್ನು ಪೋಣಿಸಿದರೆ ಕೈಕಾಲು, ನಡುವೆ ಅಂಜೂರ ಸಿಕ್ಕಿಸಿದರೆ ಹೊಟ್ಟೆ, ಮೇಲೆ ಒಂದು ಇಡೀ ಅಕ್ರೋಟು ಕೂರಿಸಿ ಕಣ್ಣು ಮೂಗು ಬರೆದರೆ ತಲೆ. ಚಿಂದಿ ಬಟ್ಟೆಯಲ್ಲಿ ಅಂಗಿ ಟೋಪಿ ಹೊಲಿದು ತೊಡಿಸಿದರೆ ಚಿಮಣಿ ಗುಡಿಸುವವನೋ, ಪಾದ್ರಿಯೋ, ಹಾಲು ಮಾರುವವಳೋ ಆಗಿ ಎದ್ದು ನಿಲ್ಲುತ್ತದೆ. ವಾಲ್ಬುರ್ಗಾಳ ತಾಯಿಯೂ ಇದನ್ನೇ ಮಾಡಿದ್ದಳು, ಅಜ್ಜಿಯೂ ಇದನ್ನೇ. ತಂತಿ ಬಗ್ಗಿಸುವುದನ್ನು ಕಿಲಿಯನ್ ಬೇಗ ಕಲಿತ. ಹೆಚ್ಚು ತೇವವಿರುವ ಹಣ್ಣು ತಂದರೆ ಹೀಟರಿನ ಶಾಖಕ್ಕೆ ಪಾದ್ರಿ ಮಂಡಿಯೂರಿ ಕುಸಿಯುತ್ತಾನೆ ಎಂಬುದನ್ನೂ ಒಂದು ಬುಟ್ಟಿ ಪಾದ್ರಿಗಳನ್ನು ಕಳೆದುಕೊಂಡು ಕಲಿತ. ಮುಖ ಬರೆಯುವುದು ಮಾತ್ರ ಅವನ ಕೈಗೆ ಹತ್ತಲಿಲ್ಲ.

"ಹೆಣ," ಎನ್ನುತ್ತಿದ್ದಳು ಅತ್ತೆ, ಅವನು ಬರೆದ ತಲೆಗಳನ್ನು ಒಂದೊಂದಾಗಿ ಎತ್ತಿ ನೋಡಿ. "ಇದೂ ಹೆಣ. ಇದು ನಿನ್ನೆನೇ ಸತ್ತಿದೆ. ಇದಕ್ಕೆ ಸಾಯೋಕೂ ಮನಸ್ಸಿಲ್ಲ."

"ನಗ್ತಾ ಇದೆಯಲ್ಲ ಅತ್ತೆ."

"ಹಲ್ಲು ಬರೆದ್ರೆ ನಗು ಅಲ್ಲ ಕಣೋ. ನಿನ್ ಹಾಗೇನೇ ಹಲ್ಲು ಕಿರೀತಾ ಇದೆ. ಬದುಕಿರೋ ಮುಖ ಒಂದೇ ಒಂದು ಬರಿ. ಅವತ್ತು ಅಂಗಡಿ ನಿಂದು."

ಕಿಲಿಯನ್‌ಗೆ ಆ ಅಂಗಡಿ ಬೇಕಾಗಿತ್ತು. ಬಾಯಿಬಿಟ್ಟು ಯಾರ ಮುಂದೆಯೂ ಹೇಳಿರಲಿಲ್ಲ, ಆದರೆ ಅವನು ಈ ಭೂಮಿಯ ಮೇಲೆ ನಿಜವಾಗಿ ಆಸೆಪಟ್ಟದ್ದು ಅದೊಂದನ್ನೇ. ಗೋದಾಮಿನಲ್ಲಿ ಅವನ ಕೈಯಿಂದ ದಾಟಿಹೋದ ಲಕ್ಷಾಂತರ ಸ್ಕ್ರೂಗಳಲ್ಲಿ ಒಂದಾದರೂ ಅವನನ್ನು ಗುರುತು ಹಿಡಿಯುವಂತಿರಲಿಲ್ಲ. ಇಲ್ಲಿ ಕೊನೇಪಕ್ಷ ಜನ ಅವನು ಮಾಡಿದ್ದನ್ನು ನೋಡಿ ಮೂಗು ಮುರಿಯುತ್ತಿದ್ದರು. ಅದೂ ಒಂದು ಬಗೆಯ ಪರಿಚಯವೇ.

ಆ ವರ್ಷ ಅತ್ತೆಯ ಮಂಡಿ ಪೂರ್ತಿ ಕೈಕೊಟ್ಟಿತು. ಮರದ ಪೆಟ್ಟಿಗೆಯೊಂದನ್ನು ತಲೆಕೆಳಗು ಮಾಡಿ ಅದರ ಮೇಲೆ ಕೂತು, ಬರುವ ಗಿರಾಕಿಗಳನ್ನು ಕೂತಲ್ಲಿಂದಲೇ ಬೈದು ಓಡಿಸುತ್ತಿದ್ದಳು. "ಇದೇ ಕೊನೆ. ಮುಂದಿನ ವರ್ಷ ನಾನು ಬರಲ್ಲ. ಮೂರನೇ ಅಡ್ವೆಂಟ್ ಭಾನುವಾರ ಮಗ್ ದಾಟಿಸ್ತೀನಿ. ಯಾರಿಗೆ ಅಂತ ಕೇಳ್ಬೇಡ, ನಂಗೇ ಗೊತ್ತಿಲ್ಲ" ಎಂದಳು.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಅಡ್ವೆಂಟ್ ಭಾನುವಾರಗಳಲ್ಲಿ ಮೂರನೆಯದರಂದು ಮಗ್ ದಾಟಿಸುವುದು ಕ್ರೆನ್‌ಬ್ರುನ್ ಸಂತೆಯ ಕಟ್ಟಳೆ. ಅಂಗಡಿ ಬಿಡುವವರು ಒಂದು ಮಗ್ ಬಿಸಿ ವೈನನ್ನು ಹೊಸಬರ ಕೈಗೆ ಕೊಡಬೇಕು. ಅವರು ಒಂದು ಗುಟುಕು ಕುಡಿದು ಪಕ್ಕದ ಅಂಗಡಿಯವರಿಗೆ ಕೊಡಬೇಕು. ಪಕ್ಕದವರು ಅದನ್ನು ಕುಡಿದರೆ ಅಂಗಡಿ ದಾಟಿದ ಹಾಗೆ. ತಿಂಗಳಿಡೀ ಮೈಗೆ ಮೈ ತಾಗಿಸಿಕೊಂಡು ನಿಲ್ಲಬೇಕಾದವರು ಒಪ್ಪದೆ ಯಾರನ್ನೂ ತಂದು ಕೂರಿಸುವಂತಿಲ್ಲ ಎಂದು ಹಿಂದಿನವರು ಮಾಡಿದ್ದಿರಬೇಕು. ಪಕ್ಕದವರು ಕುಡಿಯದೆ ಮಗ್ ಕೆಳಗಿಟ್ಟರೆ ಅಂಗಡಿಯ ಜಾಗ ಪಕ್ಕದವರಿಗೇ ಸೇರುತ್ತದೆ. ಇದನ್ನು ಮಾಡಿದ ಹಿಂದಿನವರಿಗೆ ಒಟ್ಮಾರನ ಪರಿಚಯವಿರಲಿಲ್ಲ.

ವಾಲ್ಬುರ್ಗಾಳ ಅಂಗಡಿಯ ಒಂದು ಪಕ್ಕ ಕಾರಂಜಿ. ಇನ್ನೊಂದು ಪಕ್ಕ ಒಟ್ಮಾರ್. ಅವನು ಲೆಬ್‌ಕೂಕನ್ ಮಾರುವವನು. ಜೇನು, ಮಸಾಲೆ, ಬೀಜಗಳನ್ನು ಕಲಸಿ ಸುಟ್ಟ ಆ ದಪ್ಪ ಬಿಲ್ಲೆಗಳನ್ನು ತಿಂದು ತಿಂದೇ ಅವನಿಗೆ ಆ ಬಣ್ಣ ಬಂದಿದೆ ಎಂದು ಅತ್ತೆ ಹೇಳುತ್ತಿದ್ದಳು. ಅತ್ತೆಗೂ ಅವನಿಗೂ ಎಣ್ಣೆ ಸೀಗೇಕಾಯಿ. ಮೊದಲು ಯಾತಕ್ಕೆ ಮುನಿಸು ಬಂತೆಂದು ಇಬ್ಬರಿಗೂ ಮರೆತಿತ್ತು, ಮುನಿಸು ಮಾತ್ರ ಚೆನ್ನಾಗಿ ನೆನಪಿತ್ತು. ಅವನ ಬಿಲ್ಲೆಗಳನ್ನು ನೋಡಿದರೆ ಅವನು ಹಲ್ಲಿನ ವೈದ್ಯನ ಅಳಿಯನಿರಬೇಕು ಅನ್ನಿಸುತ್ತದೆ ಎಂದು ಇವಳು ಗಿರಾಕಿಗಳಿಗೆ ಹೇಳುವಳು. ಆ ಮುದುಕಿಯ ಪ್ಲಮ್ಮುಗಳು ಅವಳಿಗಿಂತ ರಸವಾಗಿವೆ ಎಂದು ಅವನು ಹೇಳುವನು. ಕರೆಂಟಿನ ಪೆಟ್ಟಿಗೆ ಇದ್ದದ್ದು ಒಟ್ಮಾರನ ಅಂಗಡಿಯೊಳಗೆ. ಅಲ್ಲಿಂದಲೇ ಒಂದು ವೈರು ಇವರ ದೀಪಕ್ಕೂ ಹೀಟರಿಗೂ ಬರುತ್ತಿತ್ತು. ಅಷ್ಟರಮಟ್ಟಿಗೆ ಸಂಬಂಧ.

ಎರಡನೇ ಅಡ್ವೆಂಟ್ ಕಳೆದ ಬುಧವಾರ ಮಧ್ಯಾಹ್ನ ಬವೇರಿಯಾ ಕಡೆಯ ಒಂದು ಬಸ್ಸು ಬಂತು. ಒಟ್ಮಾರನ ಕಟ್ಟೆಯ ಮುಂದೆ ಜನ ಜಮಾಯಿಸಿದ್ದರು. ಇವರ ಮುಂದೆ ಯಾರೂ ಇರಲಿಲ್ಲ. ಒಟ್ಮಾರ್ ಕೈ ಚಾಚಿ ಕಿಲಿಯನ್ ಮಾಡಿದ್ದ ಒಂದು ಹಾಲಿನವಳನ್ನು ಎತ್ತಿಕೊಂಡು ಎಲ್ಲರಿಗೂ ಕಾಣುವಂತೆ ಮೇಲೆ ಹಿಡಿದ.

"ನೋಡಿ ನೋಡಿ, ಈ ಹಾಲಿನವಳನ್ನ ನೋಡಿ. ಈ ಪಾದ್ರಿನ ನೋಡಿ. ಈಗ ಇವನ್ನ ನೋಡಿ," ಎಂದು ಕಿಲಿಯನ್‌ನ ಕಡೆ ತೋರಿಸಿದ. "ಎಲ್ಲಾ ಒಂದೇ ಮುಖ! ರೈಲು ತಪ್ಪಿಸ್ಕೊಂಡ ಕುರಿ!"

ಬಸ್ಸಿನವರು ಹೋ ಎಂದು ನಕ್ಕರು. ಒಬ್ಬ ಹೆಂಗಸು ಫೋಟೋ ತೆಗೆದುಕೊಂಡಳು. ಕಿಲಿಯನ್ ಎಲ್ಲರಿಗಿಂತ ಜೋರಾಗಿ ನಕ್ಕ. "ಕುರಿಗೆ ರೈಲು ಟಿಕೆಟ್ ಯಾರು ಕೊಡ್ತಾರೆ ಸ್ವಾಮಿ, ನಾನು ಬಸ್ಸಿನ ಕುರಿ" ಅಂತಲೂ ಸೇರಿಸಿದ. ಅದಕ್ಕೂ ನಕ್ಕರು. ನಗು ಇಳಿದ ಮೇಲೆ ಹಾಲಿನವಳನ್ನು ವಾಪಸ್ ಇಸಿದುಕೊಂಡು ಕಟ್ಟೆಯ ಮೇಲೆ ಮುಖ ಒಳಗಡೆಗೆ ಮಾಡಿ ನಿಲ್ಲಿಸಿದ.

ಅತ್ತೆ ಪೆಟ್ಟಿಗೆಯ ಮೇಲಿಂದ ಎಲ್ಲವನ್ನೂ ನೋಡಿದ್ದಳು. "ಉಗಿದ್ರೆ ಒರೆಸ್ಕೊಂಡು ಥ್ಯಾಂಕ್ಸ್ ಹೇಳ್ತೀಯಲ್ಲೋ, ಥೂ" ಎಂದಳು ಅಷ್ಟೆ.

ಆ ಸಂಜೆ ಅತ್ತೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸೂಪು ಒಲೆಯ ಮೇಲಿರುವಾಗ ಅವನು ಒಂದು ಅಕ್ರೋಟು ತೆಗೆದುಕೊಂಡು ಕುಂಚ ಹಿಡಿದ. ಪಾದ್ರಿಯನ್ನು ಬರೆಯಬೇಕೆಂದೇ ಶುರುಮಾಡಿದ್ದು. ಆದರೆ ಆ ಅಕ್ರೋಟಿನ ಬೆಸುಗೆಯ ಗೆರೆ ಹಣೆಯ ಮೇಲೆ ಯಾರಿಗೋ ಗಂಟು ಬಿದ್ದ ಹಾಗೆಯೇ ಇತ್ತು. ಕೆಳಗೆ ಎರಡು ಗುಳಿಗಳು, ಬೇರೆಯವರ ಕಟ್ಟೆಯ ಮೇಲೆ ಕಣ್ಣಿಟ್ಟಂತೆ. ಕುಂಚ ತಾನಾಗಿ ಹೋಗುತ್ತಿತ್ತು. ತುಟಿಯನ್ನು ಒಂದು ಕಡೆ ಮೇಲಕ್ಕೆ ಎಳೆದ, ಇನ್ನೊಂದು ಕಡೆ ಬಿಟ್ಟ. ಬದುಕಿನಲ್ಲಿ ಮೊದಲ ಸಲ ಅವನು ತನ್ನನ್ನು ಬಿಟ್ಟು ಇನ್ನೊಬ್ಬರನ್ನು ಮನಸಾರೆ ದ್ವೇಷಿಸುತ್ತಿದ್ದ. ಅದು ಇಷ್ಟು ಹಾಯಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಕೊರಳಿಗೆ ಒಂದರ ಕೆಳಗೊಂದು ಎರಡು ಪ್ಲಮ್ ಒತ್ತಿ ಇಮ್ಮಡಿ ಗದ್ದ ಮಾಡಿದ. ಹೊಟ್ಟೆಗೆ ಒಂದರ ಬದಲು ಎರಡು ಅಂಜೂರ. ಕೈಗೊಂದು ಲೆಬ್‌ಕೂಕನ್ ಚೂರು.

ಅತ್ತೆ ಸೂಪಿನ ಸೌಟು ಹಿಡಿದು ಹಿಂದೆ ಬಂದು ನಿಂತದ್ದು ಅವನಿಗೆ ತಿಳಿಯಲಿಲ್ಲ. ಸೌಟಿನಿಂದ ಒಂದು ತೊಟ್ಟು ಸೂಪು ಅವನ ಹೆಗಲ ಮೇಲೆ ಬಿತ್ತು. ಅವನು ಗಾಬರಿಯಾಗಿ ತಿರುಗಿದ.

"ಇದನ್ನ ನೀನೇ ಬರೆದೆಯಾ?"

"ತಪ್ಪಾಯ್ತು ಅತ್ತೆ, ಅಳಿಸ್ತೀನಿ."

"ಮುಟ್ಟಿದ್ರೆ ಕೈ ಮುರೀತೀನಿ," ಎಂದಳು. ಗೊಂಬೆಯನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದಳು. "ಅಯ್ಯೋ ಇವನ ಮನೆ ಹಾಳಾಗ. ಇದು ಉಸಿರಾಡ್ತಿದೆ ಕಣೋ."

ಮರುದಿನ ಬೆಳಗ್ಗೆ ಅದನ್ನು ಕಟ್ಟೆಯ ಮುಂದಿನ ಸಾಲಿನಲ್ಲಿ, ಒಟ್ಮಾರನ ಕಡೆಗೇ ಮುಖ ಮಾಡಿ ನಿಲ್ಲಿಸಿದವಳು ಅತ್ತೆ. ಮೊದಲು ನೋಡಿದವಳು ಎದುರಿಗಿನ ಸಾಸೇಜ್ ಅಂಗಡಿಯವಳು. ಚಿಮಟ ಹಿಡಿದುಕೊಂಡೇ ಓಡಿ ಬಂದು ನೋಡಿ, ಹೊಟ್ಟೆ ಹಿಡಿದುಕೊಂಡು ವಾಪಸ್ ಓಡಿದಳು. ಆಮೇಲೆ ಮೇಣದ ಬತ್ತಿಯವರು, ಉಣ್ಣೆ ಟೋಪಿಯವರು, ತುತ್ತೂರಿಯವರು. ಗೊಂಬೆ ನೋಡುವುದು, ಪಕ್ಕದ ಅಂಗಡಿ ನೋಡುವುದು, ಮತ್ತೆ ಗೊಂಬೆ ನೋಡುವುದು. ಒಟ್ಮಾರನಿಗೆ ಮಧ್ಯಾಹ್ನದವರೆಗೆ ಅರ್ಥವಾಗಲಿಲ್ಲ. ಇವತ್ತು ನನ್ನ ಕಡೆ ಜನ ತುಂಬಾ ನೋಡ್ತಿದಾರಲ್ಲ ಎಂದು ಒಂದೆರಡು ಸಲ ಟೋಪಿ ಸರಿಮಾಡಿಕೊಂಡಿದ್ದ. ಕೊನೆಗೆ ಒಬ್ಬ ಪ್ರವಾಸಿ ಇದಕ್ಕೆಷ್ಟು ಎಂದು ಗೊಂಬೆಯನ್ನು ಎತ್ತಿ, "ಪಕ್ಕದವರದ್ದೇ ಅಲ್ವಾ, ಏನ್ ಚೆನ್ನಾಗ್ ಬಂದಿದೆ!" ಎಂದ.

ಒಟ್ಮಾರ್ ಕಟ್ಟೆಯ ಮೇಲೆ ಬಗ್ಗಿ ನೋಡಿದ. ಆ ಕ್ಷಣದಲ್ಲಿ ಅವನೂ ಗೊಂಬೆಯೂ ಎಷ್ಟು ಒಂದೇ ಥರ ಕಾಣುತ್ತಿದ್ದರೆಂದರೆ ಕಿಲಿಯನ್‌ಗೆ ತನ್ನ ಕೈಯ ಬಗ್ಗೆಯೇ ಭಯವಾಯಿತು. ಒಟ್ಮಾರ್ ಒಳಗೆ ಹೋದ. ಇವರ ದೀಪ ಆರಿತು. ಹೀಟರು ಟಿಕ್ ಟಿಕ್ ಎಂದು ತಣ್ಣಗಾಯಿತು.

"ಭಾನುವಾರ ಮಗ್ ತಾನೇ?" ಎಂದು ಆಚೆಯಿಂದ ಅವನ ದನಿ ಬಂತು. "ತನ್ನಿ ತನ್ನಿ. ನಿಮ್ಮ ಕಣ್ಮುಂದೆನೇ ಕೆಳಗಿಡ್ತೀನಿ. ಮುಂದಿನ ವರ್ಷ ಈ ಕಾರಂಜಿ ತನಕ ನಂದೇ ಕಟ್ಟೆ. ಆ ಮೂಲೇಲಿ ಬಾದಾಮಿ ಹುರೀತೀನಿ."

"ನಿನ್ ಮುಖಕ್ಕೆ ಬಾದಾಮಿ ಬೇರೆ ಕೇಡು!" ಎಂದು ಅತ್ತೆ ಕತ್ತಲಾದ ಅಂಗಡಿಯೊಳಗಿಂದ ಕೂಗಿದಳು.

ಮರುದಿನ ಸಂತೆಯ ಹಿರಿಯಳು ರೋಸ್ವಿತಾ ಬಂದಳು. ಊರಿನ ಅಂಗಡಿಯವರ ಜಗಳ ಬಿಡಿಸಿ ಬಿಡಿಸಿ ಸೋತ ಹೆಂಗಸು. ಇವರ ಕಟ್ಟೆಯ ಮೇಲೆ ಉರಿಯುತ್ತಿದ್ದ ಲಾಟೀನು ನೋಡಿ ನಿಟ್ಟುಸಿರು ಬಿಟ್ಟಳು.

"ವಾಲ್ಬುರ್ಗಕ್ಕ, ಕಟ್ಟಳೆ ಗೊತ್ತಲ್ಲ. ಅವನು ಕುಡೀದಿದ್ರೆ ನಾನೇನೂ ಮಾಡೋಕಾಗಲ್ಲ. ಒಂದು ಮಾತು, ತಪ್ಪಾಯ್ತು ಅಂದ್ಬಿಡಿ."

"ನನ್ನ ಬಾಯಲ್ಲಿ ಆ ಮಾತು ಬರಬೇಕಾದ್ರೆ ನನ್ನ ಹೂಳಿ ಆಮೇಲೆ ಅಗೆದು ತೆಗೀಬೇಕು."

"ಹುಡುಗನ ಬಾಳು ಹಾಳಾಗತ್ತಲ್ಲ?"

"ಹಾಳಾಗೋಕೆ ಅವನ ಹತ್ರ ಬಾಳು ಎಲ್ಲಿತ್ತು?" ಎಂದಳು ಅತ್ತೆ. ಮತ್ತೆ ಕಿಲಿಯನ್ ಕಡೆ ತಿರುಗಿ, "ನೀನೂ ಕ್ಷಮೆ ಕೇಳ್ಕೂಡದು, ಹುಷಾರ್. ಅಂಗಡಿ ಹೋದ್ರೆ ಹೋಗ್ಲಿ. ಆ ಮುಖ ಇರತ್ತೆ."

ತನ್ನ ಹಣೆಬರಹವನ್ನು ಕಿಲಿಯನ್ ಮನಸ್ಸಿನಲ್ಲೇ ಮೆಚ್ಚಿಕೊಳ್ಳುತ್ತಿದ್ದ. ಅಂಗಡಿಗೆ ತಕ್ಕವನು ಎಂದು ತೋರಿಸಿಕೊಟ್ಟ ಗೊಂಬೆಯಿಂದಲೇ ಅಂಗಡಿ ಕೈತಪ್ಪುವಂಥ ಅಚ್ಚುಕಟ್ಟು ಅನಾಹುತ ಬೇರೆ ಯಾರಿಗೂ ಆಗಲಾರದು. ಅತ್ತೆಗೆ ಮುಖ ಸಾಕು. ಅವಳು ಮನೆಗೆ ಹೋಗುವವಳು. ಅವನು ಹೋಗಬೇಕಾದದ್ದು ಸ್ಕ್ರೂಗಳ ಹತ್ತಿರಕ್ಕೆ.

ಭಾನುವಾರ ಕಾರಂಜಿಯ ಸುತ್ತ ಸಂತೆಯವರೆಲ್ಲ ಸೇರಿದರು. ಪ್ರವಾಸಿಗರೂ ಏನೋ ಆಟ ನಡೆಯುತ್ತಿದೆ ಎಂದು ಕೈಯಲ್ಲಿ ಮಗ್ ಹಿಡಿದು ಬಂದು ನಿಂತರು. ಅತ್ತೆ ಪೆಟ್ಟಿಗೆಯಿಂದ ಎದ್ದು, ಕಟ್ಟೆ ಹಿಡಿದುಕೊಂಡು, ಮಗ್ಗನ್ನು ಕಿಲಿಯನ್‌ನ ಕೈಗೆ ತುರುಕಿದಳು. "ತಗೋ ದಂಡಪಿಂಡ" ಎಂಬುದು ಆ ಸಂದರ್ಭಕ್ಕೆ ಅವಳು ಆಡಿದ ಮಾತು. ಅವನು ಒಂದು ಗುಟುಕು ಕುಡಿದು ಒಟ್ಮಾರನ ಮುಂದೆ ಹೋಗಿ ನಿಂತ. ಒಟ್ಮಾರ್ ಎದೆಯ ಮೇಲೆ ಕೈ ಕಟ್ಟಿಕೊಂಡಿದ್ದ.

"ಒಟ್ಮಾರಣ್ಣ, ತಪ್ಪಾಯ್ತು," ಎಂದ ಕಿಲಿಯನ್.

ಹಿಂದಿನಿಂದ ಅತ್ತೆ, "ಥೂ ನಿನ್ನ" ಎಂದದ್ದು ಎಲ್ಲರಿಗೂ ಕೇಳಿಸಿತು.

"ಬರೀ ಬಾಯಿ ಮಾತು ಸಾಲ್ದು," ಎಂದ ಒಟ್ಮಾರ್. ಜನ ಸೇರಿದ್ದು ಅವನಿಗೆ ಹಿಗ್ಗು ತಂದಿತ್ತು. ತನ್ನ ಕಟ್ಟೆಯಿಂದ ಅಕ್ರೋಟು ಒಡೆಯುವ ಕಬ್ಬಿಣದ ಇಕ್ಕುಳ ತೆಗೆದುಕೊಂಡು ಮುಂದೆ ಚಾಚಿದ. "ತಾ ಆ ಗೊಂಬೇನ. ಅದರ ತಲೆ ಇಲ್ಲೇ, ಎಲ್ಲರೆದುರಿಗೆ ಒಡಿ. ನಿನ್ನ ಕೈಯಾರೆ. ಒಡೆದ್ರೆ ಕುಡೀತೀನಿ. ಎಲ್ಲರೂ ಕೇಳಿಸ್ಕೊಳ್ಳಿ, ತೊಟ್ಟೂ ಬಿಡದೆ ಕುಡೀತೀನಿ!"

"ಒಡೀಬೇಡ ಕಣೋ!" ಅತ್ತೆ ಕಿರುಚಿದಳು. "ಒಡೆದ್ರೆ ನನ್ನ ಮನೆ ಮೆಟ್ಟಿಲು ಹತ್ಬೇಡ!"

ಕಿಲಿಯನ್ ಮಗ್ಗನ್ನು ಕಾರಂಜಿಯ ಕಟ್ಟೆಯ ಮೇಲಿಟ್ಟು, ಹೋಗಿ ಗೊಂಬೆಯನ್ನು ತಂದ. ತಂತಿಯಿಂದ ತಲೆ ಬಿಡಿಸುವಾಗ ಒಂದು ಸಲ ಅದರ ಮುಖ ನೋಡಿದ. ಇಂಥದ್ದು ಇನ್ನೊಂದು ಬರೆಯುತ್ತೇನೆಂಬ ಭರವಸೆ ಅವನಿಗೆ ಇರಲಿಲ್ಲ. ಇದೊಂದೇ ಇರಬಹುದು, ಇಡೀ ಜನ್ಮಕ್ಕೆ. ಇಕ್ಕುಳದ ಬಾಯಿಗೆ ಇಟ್ಟು ಒತ್ತಿದ.

ಚಟ್ ಎಂದಿತು. ಹಣೆಯ ಗಂಟಿನ ಮೇಲೆಯೇ ಸೀಳಿತು. ಒಟ್ಮಾರ್ ಹಲ್ಲು ಬಿಟ್ಟು ಸುತ್ತ ನೋಡಿದ.

ಕಿಲಿಯನ್ ಅಲ್ಲಿಗೆ ಬಿಡಬಹುದಾಗಿತ್ತು. ಬಿಡಬೇಕೆಂದೇ ಇದ್ದ. ಆದರೆ ಅಂಗೈಯಲ್ಲಿ ಬಿದ್ದಿದ್ದ ಚಿಪ್ಪಿನ ಒಳಗೆ ಸುಕ್ಕು ಸುಕ್ಕಾದ ತಿರುಳು ಕಂಡಿತು, ಸಣ್ಣ ಮಿದುಳಿನ ಹಾಗೆ. ಅವನು ಚಿಪ್ಪಿನ ಚೂರುಗಳನ್ನು ಊದಿ ಹಾರಿಸಿ, ತಿರುಳನ್ನು ಎರಡು ಬೆರಳಲ್ಲಿ ಎತ್ತಿ, ಎಲ್ಲರಿಗೂ ತೋರಿಸಿ, ಬಾಯಿಗೆ ಹಾಕಿಕೊಂಡ. ಒಟ್ಮಾರನ ಕಣ್ಣನ್ನೇ ನೋಡುತ್ತಾ ಅಗಿದ. ನಿಧಾನವಾಗಿ ಅಗಿದ. ಕಮಟು ಹಿಡಿದಿತ್ತು, ಬಣ್ಣದ ಕಹಿಯೂ ಇತ್ತು. ಆದರೂ ಬಿಡಲಿಲ್ಲ, ಪೂರ್ತಿ ನುಂಗಿದ.

"ಪರವಾಗಿಲ್ಲ," ಎಂದ. "ಒಳಗೆ ಇಷ್ಟಾದ್ರೂ ಇತ್ತಲ್ಲ. ನಾನು ಏನೂ ಇರಲ್ಲ ಅನ್ಕೊಂಡಿದ್ದೆ."

ಸಾಸೇಜಿನವಳ ನಗು ಮೊದಲು ಸಿಡಿಯಿತು. ಅದರ ಹಿಂದೆ ಇಡೀ ಸಂತೆ. ತುತ್ತೂರಿಯವನೊಬ್ಬ ಕಾರಣವಿಲ್ಲದೆ ಒಂದು ಸ್ವರ ಊದಿಯೇಬಿಟ್ಟ. ಕಿಲಿಯನ್ ಮಾತ್ರ ನಗಲಿಲ್ಲ.

ಒಟ್ಮಾರನ ಮುಖ ಬೀಟ್‌ರೂಟಾಯಿತು. ಇಕ್ಕುಳ ಎತ್ತಿದ. ರೋಸ್ವಿತಾ ನಡುವೆ ಬಂದು ನಿಂತಳು.

"ಒಡಿ ಅಂದ್ರಿ, ಒಡೆದ. ಒಳಗಿನದ್ದನ್ನ ಏನು ಮಾಡಬೇಕು ಅಂತ ನೀವು ಹೇಳ್ಲಿಲ್ಲ ಒಟ್ಮಾರಣ್ಣ. ನೀವು ಹೇಳಿದ್ದು ನಾವೆಲ್ಲ ಕೇಳಿಸ್ಕೊಂಡಿದೀವಿ. ತೊಟ್ಟೂ ಬಿಡದೆ ಅಂದ್ರಿ."

ಅವನು ಸುತ್ತ ನೋಡಿದ. ಈ ಸಂತೆಯಲ್ಲಿ ತಂಗಳು ಬಿಲ್ಲೆ ಮಾರಿ ದಕ್ಕಿಸಿಕೊಳ್ಳಬಹುದು, ಪಕ್ಕದವರ ದೀಪ ಆರಿಸಿ ದಕ್ಕಿಸಿಕೊಳ್ಳಬಹುದು. ಕಾರಂಜಿಯ ಮುಂದೆ ಮಗ್ಗಿನ ಮೇಲೆ ಕೊಟ್ಟ ಮಾತು ತಪ್ಪಿದರೆ ಮಾತ್ರ ಮುಂದಿನ ವರ್ಷ ಯಾರೂ ಅವನ ಕಟ್ಟೆಯ ಕಡೆ ತಲೆ ಹಾಕುವುದಿಲ್ಲ. ಮಗ್ ಎತ್ತಿಕೊಂಡ. ವೈನು ಅಷ್ಟರಲ್ಲಿ ಆರಿ ತಣ್ಣೀರಾಗಿತ್ತು. ಕಿಲಿಯನ್‌ನ ಮೇಲಿಂದ ಕಣ್ಣು ತೆಗೆಯದೆ, ವಿಷ ಕುಡಿಯುವವನ ಹಾಗೆ ಗುಟುಕು ಗುಟುಕಾಗಿ ಕುಡಿದ. ಮಗ್ ತಲೆಕೆಳಗು ಮಾಡಿ ತೋರಿಸಿದ. ತೊಟ್ಟೂ ಬೀಳಲಿಲ್ಲ.

ಅಂಗಡಿ ದಾಟಿತು.

ಅತ್ತೆ ತನ್ನ ಸೊಂಟದ ಏಪ್ರನ್ ಬಿಚ್ಚಿ ಕಿಲಿಯನ್‌ನ ಮುಖದ ಮೇಲೆ ಎಸೆದಳು. "ಬದುಕಿರೋ ಒಂದೇ ಒಂದನ್ನ ತಿಂದು ತೇಗಿದೆಯಲ್ಲೋ, ಹೊಟ್ಟೆಬಾಕ. ನಿಂಗೆ ಇದಕ್ಕಿಂತ ದೊಡ್ಡ ಶಿಕ್ಷೆ ಕೊಡೋಕೆ ನನ್ ಕೈಲಾಗಲ್ಲ. ಇನ್ಮೇಲೆ ಇಡೀ ಆಯಸ್ಸು ಇವನ ಪಕ್ಕದಲ್ಲೇ ನಿಂತ್ಕೋ." ಹಾಗೆಂದು ಸಾಸೇಜಿನವಳ ತೋಳು ಹಿಡಿದುಕೊಂಡು ಹೊರಟಳು. ಹೋಗುವಾಗ ಅವಳ ಬೆನ್ನು ಕುಲುಕುತ್ತಿತ್ತು. ನಗುವೋ ಅಳುವೋ, ಹಿಂದಿನಿಂದ ತಿಳಿಯಲಿಲ್ಲ. ಕೇಳುವ ಧೈರ್ಯ ಅವನಿಗೆ ಇರಲಿಲ್ಲ.

ಜನ ಚದುರಿದರು. ಕಿಲಿಯನ್ ಏಪ್ರನ್ ಕಟ್ಟಿಕೊಂಡು ತನ್ನ ಅಂಗಡಿಯ ಒಳಗೆ ಹೋಗಿ ನಿಂತ. ಕತ್ತಲೆಯಿತ್ತು, ಚಳಿಯಿತ್ತು. ಆಸೆಪಟ್ಟದ್ದು ಇದಕ್ಕೇ ಎಂದುಕೊಂಡ. ಪಕ್ಕದಲ್ಲಿ ಒಟ್ಮಾರ್ ಬಿಲ್ಲೆಗಳನ್ನು ಒಂದರ ಮೇಲೊಂದು ಅಪ್ಪಳಿಸುತ್ತಾ ಜೋಡಿಸುತ್ತಿದ್ದ.

"ವೈರು ಹಾಕಲ್ಲ," ಎಂದ ಅವನು, ಈ ಕಡೆ ನೋಡದೆ.

"ಬೇಡಿ. ಕಾರಂಜಿ ದೀಪದ ಕಡೆಯಿಂದ ಎಳ್ಕೋತೀನಿ."

"ನಂಗಿನ್ನೂ ಗಟ್ಟಿ ಮೈಯಿದೆ ಕಣೋ. ಎಷ್ಟೋ ವರ್ಷ ಇಲ್ಲೇ ಇರ್ತೀನಿ. ದಿನಾ ನಿನ್ನ ಜೀವ ಹಿಂಡ್ತೀನಿ, ನೋಡ್ತಿರು."

"ಇರಿ ಒಟ್ಮಾರಣ್ಣ," ಎಂದ ಕಿಲಿಯನ್, ಕಟ್ಟೆಯ ಕೆಳಗಿನ ಚೀಲ ಎಳೆದು ಅದರೊಳಗೆ ಕೈಯಾಡಿಸುತ್ತಾ. "ಅಕ್ರೋಟು ಬೇಕಾದಷ್ಟಿದೆ."